ಬಸಂತರಾಯರ ಕಾರಿನ ಕಾರಂಜಿ

ಮೋರಟಗಿಯಲ್ಲಿ ಮನುಷ್ಯನಿಗೆ ಹೆಸರಿಡುವವರು ತಂದೆತಾಯಿ. ಆ ಹೆಸರಿನ ಜೊತೆಗೆ ಇನ್ನೇನು ಕೂಡಬೇಕು ಎಂಬುದನ್ನು ಊರು ತೀರ್ಮಾನಿಸುತ್ತದೆ. ಸಿದ್ರಾಮನ ಅಪ್ಪ ಕುರಿ ಕಾಳಪ್ಪ. ಕುರಿ ಕಾಯುತ್ತಿದ್ದ, ಹೆಸರು ಬಂತು, ಸಾಯುವ ತನಕ ಬಾಳಿಕೆ ಬರುವಂಥ ಹೆಸರು. ಮಗನ ವಿಷಯದಲ್ಲಿ ಮಾತ್ರ ಊರಿಗೆ ಅಷ್ಟು ಸುಲಭವಾಗಲಿಲ್ಲ. ಏಳನೇ ಇಯತ್ತೆಯಲ್ಲಿ ಗಣಿತದ ಮಾಸ್ತರರಿಗೆ ಹೆದರಿ ಓಡಿಬಂದಾಗ ಅವನು ಸಾಲಿ ಬಿಟ್ಟ ಸಿದ್ರಾಮ ಆದ. ನಾಲ್ಕು ವರ್ಷ ಅಪ್ಪನ ಹಿಂದೆ ಕುರಿ ಕಾದ. ಆದರೆ ಕುರಿಗಳೇ ಅವನನ್ನು ಕಾದವು ಎಂದು ಅಣ್ಣಂದಿರು ಹೇಳುತ್ತಿದ್ದರು, ಸಿದ್ರಾಮನೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಆಮೇಲೆ ಊರಿಗೆ ಬಂದ ಮೊದಲ ಟ್ರ್ಯಾಕ್ಟರನ್ನು ನಡೆಸಲು ಕಲಿತ. ಕಲಿತ ತಿಂಗಳಲ್ಲೇ ಅದನ್ನು ಹಳ್ಳಕ್ಕೆ ಕೆಡವಿದ. ಟ್ರ್ಯಾಕ್ಟರ್ ಕೆಡವಿದ ಸಿದ್ರಾಮ ಎಂಬ ಹೆಸರು ಬಾಯಿಗೆ ಉದ್ದವಾದರೂ ಜನ ಬೇಸರವಿಲ್ಲದೆ ಪೂರ್ತಿ ಹೇಳುತ್ತಿದ್ದರು.

ಸಿಂದಗಿಯ ಒಂದು ಹತ್ತಿ ಲಾರಿಯಲ್ಲಿ ಕ್ಲೀನರ್ ಆಗಿ ಎರಡು ವರ್ಷ ತಿರುಗಿ, ಬಿಜಾಪುರಕ್ಕೆ ಹೋಗಿ ಲೈಸೆನ್ಸ್ ತೆಗೆಸಿಕೊಂಡು, ಎಮರ್ಜೆನ್ಸಿ ಮುಗಿದ ವರ್ಷದ ಮಳೆಗಾಲಕ್ಕೆ ಅವನು ಬಸವನ ಬಾಗೇವಾಡಿಯ ಬಸಂತರಾಯರ ಬಿಳಿ ಅಂಬಾಸಿಡರ್‌ಗೆ ಡ್ರೈವರ್ ಆದ. ಈ ಸುದ್ದಿ ಮೋರಟಗಿ ಮುಟ್ಟಿದ ದಿನವೇ ಅವನ ಹೆಸರು ಕಾರ್ ಸಿದ್ರಾಮ ಆಯಿತು. ಇದನ್ನು ಅವನು ಯಾವ ಬೆಲೆ ಕೊಟ್ಟಾದರೂ ಉಳಿಸಿಕೊಳ್ಳಬೇಕು ಎಂದುಕೊಂಡಿದ್ದ. ಈ ನೌಕರಿ ಹೋದರೆ ಊರು ಮುಂದಿನದು ಏನು ಇಡುತ್ತದೆಂದು ಊಹಿಸುವಷ್ಟು ಧೈರ್ಯ ಅವನಿಗಿರಲಿಲ್ಲ.

ಬಸಂತರಾಯರು ಆಲಮಟ್ಟಿ ಕಾಲುವೆಯ ಮೇಲೆ ಸಣ್ಣ ಗುತ್ತಿಗೆ ಹಿಡಿಯುವವರು. ಐವತ್ತರ ಆಸುಪಾಸು, ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಕಾರು. ನೌಕರಿ ಕೊಡುವ ದಿನ ಅವರು ಕೇಳಿದ್ದು ಎರಡೇ ಪ್ರಶ್ನೆ.

“ಗಾಡಿ ಹೊಡ್ಯಾಕ ಬರ್ತೇತಿ?”

“ಬರ್ತೇತ್ರಿ ಸಾವ್ಕಾರ್ರ.”

“ರಿಪೇರಿ?”

“ಸಣ್ಣಪುಟ್ಟದ್ದು ಎಲ್ಲಾ ಬರ್ತೇತ್ರಿ.”

ಕ್ಲೀನರ್‌ಗಿರಿಯಲ್ಲಿ ಸಿದ್ರಾಮ ಕಲಿತಿದ್ದ ಸಣ್ಣಪುಟ್ಟದ್ದೆಂದರೆ ಗಾಲಿ ಬಿಚ್ಚುವುದು, ರೇಡಿಯೇಟರ್‌ಗೆ ನೀರು ಹಾಕುವುದು ಮತ್ತು ಲಾರಿ ಹಿಂದಕ್ಕೆ ಬರುವಾಗ ಅದರ ಮೈಗೆ ಕೈ ಬಡಿದು “ಬರ್ಲಿ, ಬರ್ಲಿ” ಎನ್ನುವುದು. ಇವುಗಳಲ್ಲಿ ಕೊನೆಯದನ್ನು ಅವನು ಚೆನ್ನಾಗಿ ಮಾಡುತ್ತಿದ್ದ. ಬಸಂತರಾಯರು ಒಂದು ತಿಂಗಳು ನೋಡೋಣ ಎಂದು ಕೀಲಿ ಕೊಟ್ಟರು.

ಆ ಕಾರಿನಲ್ಲಿ ಊರಿನ ಬೇರೆ ಯಾವ ಕಾರಿನಲ್ಲೂ ಇಲ್ಲದ್ದೊಂದು ಇತ್ತು. ಬಸಂತರಾಯರು ಅದನ್ನು ಸೊಲ್ಲಾಪುರದಲ್ಲಿ ಬೇರೆಯಾಗಿ ಕೂಡಿಸಿಕೊಂಡು ಬಂದಿದ್ದರು. ಸ್ಟೇರಿಂಗಿನ ಪಕ್ಕ ಒಂದು ಗುಂಡಿ. ಅದನ್ನು ಎಳೆದು ಬಿಟ್ಟರೆ ಬಾನೆಟ್ಟಿನ ಒಳಗಿರುವ ಬಾಟಲಿಯ ನೀರು ಸಣ್ಣ ರಬ್ಬರ್ ಪೈಪಿನಲ್ಲಿ ಹರಿದು ಬರುತ್ತದೆ. ಬಾನೆಟ್ಟಿನ ಮೇಲೆ, ಗಾಜಿನ ಬುಡದಲ್ಲಿ, ಬಾರಿಹಣ್ಣಿನಷ್ಟು ದಪ್ಪದ ಎರಡು ಹೊಳೆಯುವ ಗುಂಡುಗಳು. ಒಂದೊಂದಕ್ಕೂ ಸೂಜಿಮೊನೆಯಷ್ಟು ತೂತು. ಅಲ್ಲಿಂದ ನೀರು ಚಿಮ್ಮಿ ಗಾಜಿಗೆ ಬಡಿಯುತ್ತದೆ, ವೈಪರ್ ಒರೆಸುತ್ತದೆ. ಬಸಂತರಾಯರು ಇದನ್ನು ಕಾರಂಜಿ ಎನ್ನುತ್ತಿದ್ದರು. ಎರಿ ಭೂಮಿಯ ಕರಿಮಣ್ಣಿನ ರಸ್ತೆಗಳಲ್ಲಿ ಮಳೆಗಾಲಕ್ಕೆ ಒಂದು ಲಾರಿ ಎದುರಾದರೆ ಸಾಕು, ಗಾಜಿನ ತುಂಬ ರಾಡಿ. ನೀರಿಲ್ಲದೆ ವೈಪರ್ ಆಡಿಸಿದರೆ ಆ ರಾಡಿ ಗೋಡೆಗೆ ಸೆಗಣಿ ಸಾರಿಸಿದ ಹಾಗೆ ಸಮನಾಗಿ ಹರಡುತ್ತದೆ. ಹಾಗಾಗಿ ಕಾರಂಜಿ ಬರೀ ಶೋಕಿಯಲ್ಲ. ಆದರೂ ಬಸಂತರಾಯರು ಚಹಾದಂಗಡಿಯ ಮುಂದೆ, ಬಿಸಿಲಿನಲ್ಲಿ, ಸ್ವಚ್ಛವಾದ ಗಾಜಿನ ಮೇಲೆ ಅದನ್ನು ಹಾರಿಸಿ ತೋರಿಸಿದ್ದೇ ಹೆಚ್ಚು.

ಸಿದ್ರಾಮ ಬಂದು ಎರಡು ವಾರ ಕಳೆಯುವಷ್ಟರಲ್ಲಿ ಈ ಕಾರಂಜಿಯ ಕಸುವು ಇಳಿಯತೊಡಗಿತು.

ಮೊದಲು ಗಾಜಿನ ಅರ್ಧಕ್ಕೆ ಬಂತು. ಆಮೇಲೆ ಬುಡಕ್ಕೆ. ಒಂದು ದಿನ ಮುದ್ದೇಬಿಹಾಳದಿಂದ ಮರಳಿ ಬರುವಾಗ ಲಾರಿಯೊಂದು ರಾಡಿ ಎರಚಿಕೊಂಡು ಹೋಯಿತು. ಸಿದ್ರಾಮ ಗುಂಡಿ ಎಳೆದ. ಎರಡು ಗುಂಡುಗಳಿಂದಲೂ ನೀರು ಮುದುಕರ ಬಾಯಿಯ ಜೊಲ್ಲಿನ ಹಾಗೆ ಬಾನೆಟ್ಟಿನ ಮೇಲೆ ಇಳಿದು ಹೋಯಿತು. ಅವನು ಕಿಟಕಿಯ ಹೊರಗೆ ತಲೆ ಹಾಕಿ, ಒಂದು ಕಣ್ಣಿನಲ್ಲಿ ರಸ್ತೆ, ಒಂದು ಕಣ್ಣಿನಲ್ಲಿ ಸಾವ್ಕಾರರ ಮುಖ ನೋಡುತ್ತ ಬಾಗೇವಾಡಿ ಮುಟ್ಟಿಸಿದ.

“ಏನಲೇ ಇದು?” ಎಂದರು ಬಸಂತರಾಯರು ಇಳಿಯುತ್ತ.

“ನೀರ್ರೀ.”

“ನೀರಂತ ನನಗೂ ಕಾಣತೇತಿ. ಕರು ಕುಡದು ಬಿಟ್ಟ ಎಮ್ಮೀ ಹಿಂಡಿದ್ರೂ ಇದಕ್ಕಿಂತ ಜೋರ ಬರ್ತೇತಿ. ನೀ ಬರೂಕಿಂತ ಮೊದಲ ಛಲೋ ಇತ್ತು.”

“ಸಣ್ಣ ಕೆಲಸ್ರಿ. ಮಾಡ್ತೇನಿ.”

“ಮಾಡು. ಬರೂ ಗುರುವಾರ ದೊಡ್ಡ ಇಂಜಿನಿಯರ್ ಸಾಹೇಬ್ರು ನಮ್ಮ ಗಾಡ್ಯಾಗ ಆಲಮಟ್ಟಿಗೆ ಬರಾಕತ್ತಾರ. ಅಷ್ಟ್ರಾಗ ಕಾರಂಜಿ ಮೊದಲಿನಂಗ ಹಾರಬೇಕು. ಇಲ್ಲಾಂದ್ರ ಕೀಲಿ ಗೂಟಕ್ಕ ಹಾಕಿ ಹೊಂಡು. ಮುದ್ದೇಬಿಹಾಳದ ಅಪ್ಪಾಸಾಬ ನೌಕರಿ ಕೇಳಿ ಎರಡ ಸರ್ತಿ ಮನಿಗೆ ಬಂದು ಹೋಗ್ಯಾನ. ಅವಗ ರಿಪೇರಿ ಖರೇನ ಬರ್ತೇತಂತ.”

‘ಖರೇನ’ ಎಂಬುದನ್ನು ಅವರು ಸ್ವಲ್ಪ ಒತ್ತಿ ಹೇಳಿದರು.

ಸಿದ್ರಾಮ ಅಂದೇ ರಿಪೇರಿಗೆ ಕುಳಿತ. ತೂತು ಕಟ್ಟಿದೆ, ಚುಚ್ಚಿದರೆ ಬಿಡುತ್ತದೆ ಎಂಬಷ್ಟು ತಿಳಿವಳಿಕೆ ಅವನಿಗಿತ್ತು. ದನದ ಕೊಟ್ಟಿಗೆಯ ಬಾರಿಗೆಯಿಂದ ಒಂದು ಕಡ್ಡಿ ಕಿತ್ತು ತಂದು ಎಡಗಡೆಯ ಗುಂಡಿನ ತೂತಿಗೆ ಹೊರಗಿನಿಂದ ಚುಚ್ಚಿದ. ಕಡ್ಡಿ ಸಲೀಸಾಗಿ ಒಳಗೆ ಹೋಯಿತು, ಒಳಗೇ ಮುರಿಯಿತು. ಅಲ್ಲಿಯವರೆಗೆ ಜೊಲ್ಲಾದರೂ ಸುರಿಯುತ್ತಿದ್ದ ಎಡಗಡೆ ಈಗ ಪೂರ್ತಿ ಒಣಗಿತು. ಬಲಗಡೆಗೆ ಚುಚ್ಚಲು ಎರಡನೇ ಕಡ್ಡಿ ಕೈಯಲ್ಲಿತ್ತು. ಅಷ್ಟರಲ್ಲಿ ದೇವರು ಬುದ್ಧಿ ಕೊಟ್ಟ. ಅವನು ಕಡ್ಡಿ ಒಗೆದು ಕಾರನ್ನು ಬಸ್ ಸ್ಟ್ಯಾಂಡಿನ ಹಿಂದಿರುವ ಜೈನುದ್ದೀನ ಮಿಸ್ತ್ರಿಯ ಹತ್ತಿರ ಒಯ್ದ.

ಜೈನುದ್ದೀನ ಬೇವಿನ ಮರದ ಕೆಳಗೆ ಒಂದು ಜೀಪಿನ ಹೊಟ್ಟೆಯಡಿ ಮಲಗಿದ್ದ. ಎದ್ದು ಬಂದು, ಚಹಾದ ಬಟ್ಟಲನ್ನು ಕಾರಿನ ಮಡ್‌ಗಾರ್ಡಿನ ಮೇಲಿಟ್ಟು, ಬಾನೆಟ್ ತೆರೆದು ನೋಡಿದ. ಎಡಗಡೆಯ ತೂತಿನಲ್ಲಿ ಮುರಿದ ಕಡ್ಡಿಯ ತುದಿ ಕಾಣುತ್ತಿತ್ತು.

“ಯಾರು ಕೈ ಹಾಕ್ಯಾರ ಇದಕ್ಕ?”

“ನಾನ, ಚಾಚಾ.”

“ಕೈ ಹಾಕಿದ್ರ ಚಿಂತಿ ಇರ್ಲಿಲ್ಲ. ಬಾರಿಗೀನ ಹಾಕೀಯಲ್ಲ ತಮ್ಮಾ. ಮನಿ ಏನು ಇದು, ಕಸಾ ಹೊಡ್ಯಾಕ?”

ಜೈನುದ್ದೀನನ ಪದ್ಧತಿ ಒಂದೇ. ಎಲ್ಲಿಯವರೆಗೆ ನೀರು ಜೋರಾಗಿದೆ, ಎಲ್ಲಿಂದ ಇಲ್ಲ ಎಂದು ಹುಡುಕುತ್ತ ಬರುವುದು. ಕಾಲುವೆಯ ಜನ ಹೊಲಕ್ಕೆ ನೀರು ಬರದಿದ್ದಾಗ ಮಾಡುವುದೂ ಇದನ್ನೇ. ಬಾಟಲಿಯಲ್ಲಿ ನೀರಿದೆ. ಒಳಗಿನ ಜಾಳಿಗೆಯಲ್ಲಿ ಕಸವಿಲ್ಲ. ಪೈಪು ಎಲ್ಲೂ ಮಡಚಿಲ್ಲ, ಸೀಳಿಲ್ಲ. ಗುಂಡುಗಳ ಬುಡದಲ್ಲಿ ಪೈಪನ್ನು ಎಳೆದು ಬಿಡಿಸಿದ.

“ಈಗ ಎಳಿ ಗುಂಡಿ. ಸಾವಕಾಶ.”

ಸಿದ್ರಾಮ ಒಳಗೆ ಕುಳಿತು ಸಾವಕಾಶ ಎಂಬ ಮಾತು ಕೇಳುವ ಮೊದಲೇ ಎಳೆದ. ನೀರು ಜೈನುದ್ದೀನನ ಗಡ್ಡಕ್ಕೂ ಚಹಾದ ಬಟ್ಟಲಿಗೂ ಬಿತ್ತು.

“ಪಂಪು ಛಲೋ ಐತಿ,” ಎಂದ ಜೈನುದ್ದೀನ, ಗಡ್ಡ ಒರೆಸಿಕೊಳ್ಳುತ್ತ. “ಪೈಪೂ ಛಲೋ ಐತಿ. ಚಹಾ ಮಾತ್ರ ಕೆಟ್ಟಿತು. ಅಡಚಣಿ ಇರೂದು ಈ ಎರಡ ಗುಂಡಿನ್ಯಾಗ.”

ಒಳಗಿನಿಂದ ನಟ್ಟು ಸಡಿಲಿಸಿ ಗುಂಡುಗಳನ್ನು ಬಿಚ್ಚಿದ. ಬೆಳಕಿಗೆ ಹಿಡಿದರೆ ತೂತಿನ ತುಂಬ ಬಿಳಿಯ ಗಟ್ಟಿ. ಜೈನುದ್ದೀನ ಅದನ್ನು ಉಗುರಿನಿಂದ ಕೆರೆದು ನೋಡಿ, ಸವುಳು ನೀರಿನ ಸುಣ್ಣ ಎಂದ. ಬಾವಿಯ ನೀರು ಹಾಕಿದರೆ ಹಂಡೆಯ ತಳದಲ್ಲಿ ಕಟ್ಟುವ ಹಾಗೆ ಇಲ್ಲೂ ಕಟ್ಟುತ್ತದೆ. ಚಹಾದಂಗಡಿಯಿಂದ ಇಂಡಿಯ ಕಡೆಯ ಎರಡು ಲಿಂಬೆಹಣ್ಣು ತರಿಸಿ, ಬಟ್ಟಲಿಗೆ ಹಿಂಡಿ, ಗುಂಡುಗಳನ್ನು ಅದರಲ್ಲಿ ಮುಳುಗಿಸಿಟ್ಟ. ಮತ್ತೆ ಹೋಗಿ ಜೀಪಿನ ಕೆಳಗೆ ಮಲಗಿದ. ಬಹಳ ಹೊತ್ತಿನ ಮೇಲೆ ಎದ್ದು ಬಂದು, ಸೈಕಲ್ ಬ್ರೇಕಿನ ತಂತಿಯಿಂದ ಒಂದೇ ಒಂದು ಎಳೆ ಬಿಡಿಸಿ, ಗುಂಡಿನ ಒಳಬದಿಯಿಂದ ಹೊರಕ್ಕೆ ಮೆಲ್ಲಗೆ ತಳ್ಳಿದ. ಬಿಳಿ ಗಟ್ಟಿಯೂ ಬಾರಿಗೆಯ ಕಡ್ಡಿಯೂ ಒಟ್ಟಿಗೆ ಹೊರಬಂದವು.

“ನೋಡಿ ಇಟ್ಕೋ. ಒಳಗಿಂದ ಹೊರಗ ತಳ್ಳಬೇಕು. ಹೊರಗಿಂದ ಒಳಗ ಅಲ್ಲ. ಮತ್ತ ದಪ್ಪ ತಂತಿ ಹಾಕಿ ತೂತ ದೊಡ್ಡದು ಮಾಡಬ್ಯಾಡ. ತೂತ ದೊಡ್ಡದಾತಂದ್ರ ನೀರ ಹಾರೂದಿಲ್ಲ, ಸೋರತೇತಿ.”

ಗುಂಡುಗಳನ್ನು ಮತ್ತೆ ಕೂಡಿಸಿ, ನೀರು ಗಾಜಿನ ಮೇಲಿನ ಅರ್ಧಕ್ಕೆ ಬಡಿಯುವಂತೆ ತಂತಿಯ ಮೊನೆಯಿಂದ ತಿರುಗಿಸಿದ. ಸಿದ್ರಾಮ ಎಳೆದ. ಕಾರಂಜಿ ಹಾರಿತು. ಜೈನುದ್ದೀನ ತಂತಿಯ ಎಳೆಯನ್ನು ಸುತ್ತಿ ಅವನ ಅಂಗಿಯ ಜೇಬಿಗೆ ಹಾಕಿ, ಇನ್ನು ಮೇಲೆ ಸೀನೀರನ್ನೇ ಹಾಕು, ಸೋಸಿ ಹಾಕು ಎಂದ.

ಸಿದ್ರಾಮ ಊರಾಚೆಯ ಸೀನೀರಿನ ಬಾವಿಗೆ ಹೋಗಿ ಕೊಡ ತುಂಬಿ ತಂದ. ತನ್ನ ಹಬ್ಬದ ಧೋತರವನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದ. ಆ ನೀರನ್ನು ತಾನು ಕುಡಿಯುವ ಧೈರ್ಯ ಮಾಡಲಿಲ್ಲ, ಅಷ್ಟು ಸ್ವಚ್ಛವಾಗಿತ್ತು. ಸಂಜೆ ಬಸಂತರಾಯರು ಗುಂಡಿ ಎಳೆದು ನೋಡಿ ಹೂಂ ಎಂದರು.

ಮರುದಿನ ಮುಂಜಾನೆ ಅವರು ಮತ್ತೆ ಎಳೆದಾಗ ನೀರು ಗಾಜಿನ ಬುಡಕ್ಕೆ ಬಂದು ನಿಂತಿತು.

“ಇದೇನು, ಒಂದು ದಿವಸದ ರಿಪೇರಿ?”

“ಇನ್ನೊಮ್ಮೆ ನೋಡ್ತೇನ್ರಿ.”

ನೋಡಿದ. ಬಿಚ್ಚಿ, ಲಿಂಬೆರಸದಲ್ಲಿಟ್ಟು, ತಂತಿ ತಳ್ಳಿ, ಕೂಡಿಸಿದ. ಸಂಜೆಗೆ ಕಾರಂಜಿ, ಮುಂಜಾನೆಗೆ ಜೊಲ್ಲು. ಮತ್ತೊಂದು ದಿನವೂ ಹಾಗೇ. ಸೀನೀರಿನಲ್ಲಿ ಒಂದೇ ರಾತ್ರಿಗೆ ಅಷ್ಟು ಸುಣ್ಣ ಎಲ್ಲಿಂದ ಬರುತ್ತದೆ ಎಂದು ಜೈನುದ್ದೀನನಿಗೂ ತಿಳಿಯಲಿಲ್ಲ. ಅವನು ಗಡ್ಡ ತುರಿಸಿಕೊಂಡು, “ಸಾವ್ಕಾರ್ರ ಮನ್ಯಾಗ ನಿನ್ನ ಕಂಡ್ರ ಆಗದವರು ಯಾರರೆ ಅದಾರೇನು?” ಎಂದ.

ಈ ಮಾತು ಸಿದ್ರಾಮನಿಗೆ ಹಿಡಿಸಿತು. ತನ್ನ ತಪ್ಪಿಗೆ ಇನ್ನೊಬ್ಬರ ಕೈವಾಡ ಸಿಗುವುದೆಂದರೆ ಯಾರಿಗೆ ಹಿಡಿಸುವುದಿಲ್ಲ? ಅವನ ಮನಸ್ಸು ನೆಟ್ಟಗೆ ಮುದ್ದೇಬಿಹಾಳಕ್ಕೆ ಹೋಯಿತು. ಅಪ್ಪಾಸಾಬನೇ ಯಾರನ್ನೋ ಕಳಿಸಿ ತೂತು ಮುಚ್ಚಿಸುತ್ತಿದ್ದಾನೆ. ಅಪ್ಪಾಸಾಬನನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಆದರೂ ಆ ಮನುಷ್ಯನ ಕಣ್ಣು, ಮೀಸೆ, ಕೈಯಲ್ಲಿ ಸುಣ್ಣದ ಡಬ್ಬಿ ಎಲ್ಲವೂ ಸ್ಪಷ್ಟವಾಗಿ ಕಾಣಿಸಿದವು.

ಗುರುವಾರ ದಿನ ಬೆಳಗಾಗುತ್ತಿದ್ದಂತೆಯೇ ಬಂದು ಸಿದ್ರಾಮ ಮೇವಿನ ಬಣವೆಯ ಹಿಂದೆ ಕುಳಿತ. ಕಾರು ನಿಲ್ಲುವುದು ಅಂಗಳದ ಕಣಗಿಲೆ ಗಿಡದ ಕೆಳಗೆ. ಸ್ವಲ್ಪ ಹೊತ್ತಿಗೆ ಮನೆಯ ಹಿಂಬಾಗಿಲು ತೆರೆಯಿತು. ಹೊರಗೆ ಬಂದವರು ಬಸಂತರಾಯರ ತಾಯಿ ಶಂಕ್ರೆವ್ವ.

ಜಳಕ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ತಂಬಿಗೆ ಹಿಡಿದಿದ್ದರು. ನೆಟ್ಟಗೆ ಕಾರಿನ ಹತ್ತಿರ ಹೋದರು. ಬಾನೆಟ್ಟಿನ ಮೇಲಿನ ಎರಡು ಗುಂಡುಗಳ ಮೇಲೆ ನೀರು ಚಿಮುಕಿಸಿದರು. ಸೆರಗಿನಿಂದ ವಿಭೂತಿ ಗಟ್ಟಿ ತೆಗೆದು, ಒದ್ದೆ ಬೆರಳಿಗೆ ಸವರಿಕೊಂಡು, ಒಂದೊಂದು ಗುಂಡಿಗೂ ಮೂರು ಬೆರಳಿನ ಪಟ್ಟಿ ಎಳೆದರು. ಕೊನೆಗೆ ನಡುವೆ, ತೂತು ಇರುವ ಜಾಗದಲ್ಲೇ, ಹೆಬ್ಬೆರಳಿನಿಂದ ಭಕ್ತಿಯಿಂದ ಒತ್ತಿದರು. ಎರಡು ಕಣಗಿಲೆ ಹೂ ಇಟ್ಟು ಕೈ ಮುಗಿದರು.

ಬಣವೆಯ ಹಿಂದೆ ಸಿದ್ರಾಮನಿಗೆ ಒಂದೊಂದಾಗಿ ತಿಳಿಯತೊಡಗಿತು. ಬಾನೆಟ್ಟಿನ ಮೇಲಿನ ಹೂಗಳನ್ನು ಅವನು ದಿನವೂ ನೋಡುತ್ತಿದ್ದ, ಗಿಡದಿಂದ ಬಿದ್ದವು ಎಂದುಕೊಂಡಿದ್ದ. ಗುಂಡುಗಳ ಮೇಲಿನ ಬಿಳಿ ಕಲೆಯನ್ನೂ ನೋಡುತ್ತಿದ್ದ, ಸವುಳು ನೀರಿನ ಕಲೆ ಎಂದುಕೊಂಡಿದ್ದ. ಒಳ್ಳೆಯ ಡ್ರೈವರ್ ಅನಿಸಿಕೊಳ್ಳಬೇಕೆಂದು ದಿನ ಮುಂಜಾನೆ ಒದ್ದೆ ಬಟ್ಟೆಯಿಂದ ಅದನ್ನು ತಿಕ್ಕಿ ಒರೆಸುತ್ತಿದ್ದ. ಶಂಕ್ರೆವ್ವ ಹೆಬ್ಬೆರಳಿನಿಂದ ಅರ್ಧ ತುಂಬಿದ್ದನ್ನು ತಾನೇ ಬಟ್ಟೆಯಿಂದ ಪೂರ್ತಿ ತುಂಬುತ್ತಿದ್ದ ಎಂದಾಯಿತು. ಮುದ್ದೇಬಿಹಾಳದ ಅಪ್ಪಾಸಾಬ ಪಾಪ, ಮನೆಯಲ್ಲಿ ಮಲಗಿರಬೇಕು.

ಅವನು ಎದ್ದು ಬಂದ.

“ಯವ್ವಾ, ಏನ ಮಾಡಾಕತ್ತೀರಿ?”

“ಕಾಣೂದಿಲ್ಲೇನು? ಲಿಂಗಪೂಜಿ.”

“ಇವು ಲಿಂಗ ಅಲ್ರೀ ಯವ್ವಾ.”

ಶಂಕ್ರೆವ್ವ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. “ನಾ ಹುಟ್ಟಿದಾಗಿಂದ ಲಿಂಗ ಕಟ್ಟಿಕೊಂಡಾಕಿ. ಲಿಂಗ ಯಾವುದು, ಲಿಂಗ ಅಲ್ಲದ್ದು ಯಾವುದು ನೀ ಹೇಳಾಂವ? ದುಂಡಗ ಐತಿ, ಕೆಳಗ ಪೀಠ ಐತಿ. ಸೊಲ್ಲಾಪುರದವರು ಶರಣ ಸಿದ್ಧರಾಮನ ಊರಿನವರು, ತಿಳದ ಹಚ್ಚಿ ಕೊಟ್ಟಾರ.”

“ಎಂದಿನಿಂದ ಮಾಡಾಕತ್ತೀರಿ ಇದನ್ನ?”

“ಲಚ್ಯಾಣದಿಂದ ಬಂದ ಮರುದಿವಸದಿಂದ.”

ಲಚ್ಯಾಣದ ವಿಷಯ ಅವರಿಬ್ಬರಿಗೆ ಮಾತ್ರ ಗೊತ್ತು. ಅವನು ನೌಕರಿಗೆ ಸೇರಿದ ಮೊದಲ ವಾರವೇ ಶಂಕ್ರೆವ್ವ ಲಚ್ಯಾಣದ ಮಠಕ್ಕೆ ಹೋಗಿದ್ದರು. ಮರಳಿ ಬರುವಾಗ ಇಂಡಿಯ ಈಚೆ ಎದುರಿಗೆ ಒಂದು ಎತ್ತಿನ ಬಂಡಿ ಬಂತು. ಸಿದ್ರಾಮ ಬ್ರೇಕ್ ಹಿಡಿಯಬೇಕಾದಲ್ಲಿ ಸ್ಟೇರಿಂಗ್ ತಿರುಗಿಸಿದ. ಕಾರು ರಸ್ತೆ ಬಿಟ್ಟು ಒಂದು ಜೋಳದ ಹೊಲಕ್ಕೆ ಇಳಿಯಿತು. ಹಸಿ ಎರಿಯಲ್ಲಿ ಗಾಲಿ ಹೂತು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಬಂಡಿಯವನೇ ತನ್ನ ಎತ್ತುಗಳನ್ನು ಬಿಚ್ಚಿ ತಂದು ಕಾರನ್ನು ರಸ್ತೆಗೆ ಎಳೆಸಿ ಹಾಕಿದ. ಬಾಗೇವಾಡಿ ಹತ್ತಿರವಾದಾಗ ಶಂಕ್ರೆವ್ವ, “ಬಸಂತನ ಮುಂದ ಹೇಳಬ್ಯಾಡ. ನಿನ್ನ ಬಿಡಿಸಿ ಬಿಡತಾನ,” ಎಂದಷ್ಟೇ ಹೇಳಿದ್ದರು.

“ನೀ ಗಾಡಿ ಹೊಡ್ಯೂದು ನೋಡೇನಿ,” ಎಂದರು ಈಗ ಶಂಕ್ರೆವ್ವ, ಕೋಪವಿಲ್ಲದೆ, ಹವೆಯ ಬಗ್ಗೆ ಹೇಳುವ ಹಾಗೆ. “ನನ್ನ ಮಗ ದಿನಾ ಅದರಾಗ ಕೂಡ್ತಾನ. ಅವನ್ನ ಆ ಲಿಂಗಪ್ಪನ ಕಾಯಬೇಕು. ನಿನ್ನಿಂದ ಆಗೂದಿಲ್ಲ.”

ಕಾರಂಜಿ ಕೆಟ್ಟದ್ದು ಸವುಳು ನೀರಿನಿಂದಲ್ಲ, ತನ್ನ ಡ್ರೈವಿಂಗಿನಿಂದ. ಇಷ್ಟು ದಿನ ಬಾನೆಟ್ಟಿನಲ್ಲಿ ಹುಡುಕಿದ್ದ ಅಡಚಣೆ ಸೀಟಿನ ಮೇಲೆ ಕುಳಿತಿತ್ತು.

ಒಳಗಿನಿಂದ ಬಸಂತರಾಯರು ಕೆಮ್ಮುವ ಸದ್ದು ಕೇಳಿಸಿತು. ಇಂಜಿನಿಯರ್ ಸಾಹೇಬರು ಪ್ರವಾಸಿ ಮಂದಿರದಲ್ಲಿ ಕಾಯುತ್ತಿರುತ್ತಾರೆ. ಸಿದ್ರಾಮನ ಮುಂದೆ ಒಂದು ಸುಲಭದ ದಾರಿ ಇತ್ತು. ಒಳಗೆ ಹೋಗಿ, ನಿಮ್ಮ ತಾಯಿಯವರು ದಿನಾ ತೂತಿಗೆ ವಿಭೂತಿ ತುಂಬುತ್ತಾರೆ ಎಂದರೆ ರಿಪೇರಿಯ ಕಳಂಕ ಹೋಗುತ್ತದೆ. ಆದರೆ ಯಾಕೆ ತುಂಬುತ್ತಾರೆ ಎಂದು ಅವರು ತಾಯಿಯನ್ನು ಕೇಳುತ್ತಾರೆ. ಆಗ ಲಚ್ಯಾಣ ಹೊರಗೆ ಬರುತ್ತದೆ. ರಿಪೇರಿ ಬಾರದ ಡ್ರೈವರನನ್ನು ಇಟ್ಟುಕೊಳ್ಳುವವರು ಎಲ್ಲಾದರೂ ಸಿಗಬಹುದು. ತಾಯಿಯನ್ನು ಹೊಲಕ್ಕೆ ಇಳಿಸಿದವನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಹಾಗಾದರೆ ಶಂಕ್ರೆವ್ವನಿಗೇ ತಿಳಿಹೇಳಬೇಕು. ಹೇಳುವುದಕ್ಕಿಂತ ತೋರಿಸುವುದು ಒಳ್ಳೆಯದು ಎಂದು ಅವನಿಗೆ ಅನಿಸಿತು. ಅದೇ ತಪ್ಪಾಯಿತು. ಬಲಗಡೆಯ ಗುಂಡನ್ನು ಬಿಚ್ಚಿ, ತೊಳೆದು, ತಂತಿ ಹಾಕಿ, ಮತ್ತೆ ಕೂಡಿಸಿದ. “ನೋಡ್ರಿ ಯವ್ವಾ, ಇದು ನೀರು ಬರೂ ನಳ ಐತಿ, ಅಷ್ಟ,” ಎಂದು ಒಳಗೆ ಕುಳಿತು ಗುಂಡಿ ಎಳೆದ. ಇಷ್ಟು ದಿನದ ಸಿಟ್ಟನ್ನೆಲ್ಲ ತೀರಿಸಿಕೊಳ್ಳುವ ಹಾಗೆ ನೀರು ನೆಟ್ಟಗೆ ಎದ್ದು, ಬೆಳಗಿನ ಬಿಸಿಲಲ್ಲಿ ಹೊಳೆದು, ಗಾಜಿಗೆ ಬಡಿಯಿತು.

ಶಂಕ್ರೆವ್ವ ಎರಡೂ ಕೈ ಎತ್ತಿ ಮುಗಿದರು. ಕಣ್ಣಲ್ಲಿ ನೀರು ಬಂದಿತ್ತು.

“ಲಿಂಗದಾಗಿಂದ ಗಂಗವ್ವ ಬಂದ್ಲಲ್ಲೋ ತಮ್ಮಾ. ಇನ್ನೊಮ್ಮೆ ಬರಸು, ತಂಬಿಗಿ ಹಿಡೀತೇನಿ.”

ಸಿದ್ರಾಮ ಹಣೆಯನ್ನು ಸ್ಟೇರಿಂಗಿಗೆ ಒತ್ತಿಕೊಂಡು ಕುಳಿತ. ಇನ್ನು ದಿನಕ್ಕೆ ಒಂದು ಸಲವಲ್ಲ, ಮೂರು ಸಲ ಪೂಜೆ ಗ್ಯಾರಂಟಿ. ಹಾಗೇ ಕೈ ಚಾಚಿ ಇನ್ನೊಮ್ಮೆ ಗುಂಡಿ ಎಳೆದ. ಶಂಕ್ರೆವ್ವ ತಂಬಿಗೆಗೆ ಬಿದ್ದ ನೀರಿನಲ್ಲಿ ಸ್ವಲ್ಪ ಕುಡಿದು, ಉಳಿದದ್ದನ್ನು ಎಮ್ಮೆಗೆ ಚಿಮುಕಿಸಿ ಬಂದರು. ಪುಣ್ಯಕ್ಕೆ ಅದು ಧೋತರದಲ್ಲಿ ಸೋಸಿದ ನೀರು. ಬಂದವರೇ ಮತ್ತೆ ವಿಭೂತಿ ಗಟ್ಟಿ ಹೊರಗೆ ತೆಗೆದರು.

ಆ ಗಳಿಗೆಯಲ್ಲಿ ಅವನು ಹೇಳಿದ ಮಾತು ಯೋಚಿಸಿ ಹೇಳಿದ್ದಲ್ಲ. ಯೋಚಿಸಲು ವೇಳೆ ಇರಲಿಲ್ಲ.

“ಯವ್ವಾ, ಅವತ್ತ ಗಾಡಿ ತಪ್ಪ ಮಾಡಲಿಲ್ರಿ. ಗಾಡಿ ನಾ ತಿರುವಿದತ್ತ ಹೋತು. ಹೊಲಕ್ಕ ಇಳಿಸಿದಾಂವ ನಾನು. ಹಚ್ಚೂದಾದ್ರ ನನಗ ಹಚ್ಚರಿ. ಗಾಡಿಗೆ ಹಚ್ಚಿದ್ರ ಏನ ಬಂತು?”

ಶಂಕ್ರೆವ್ವನ ಕೈ ಅರ್ಧದಲ್ಲಿ ನಿಂತಿತು. ಅವರು ಗುಂಡುಗಳನ್ನು ನೋಡಿದರು. ಸಿದ್ರಾಮನನ್ನು ನೋಡಿದರು. ಎತ್ತು ಕೊಳ್ಳುವವರು ಎರಡು ಎತ್ತುಗಳನ್ನು ಹೋಲಿಸುವ ಹಾಗೆ ಮತ್ತೊಮ್ಮೆ ಇಬ್ಬರನ್ನೂ ನೋಡಿದರು.

“ಅದೂ ಖರೇನ,” ಎಂದರು ಕೊನೆಗೆ. “ಜಳಕ ಮಾಡೀಯೇನು?”

“ಇಲ್ರಿ.”

“ಜಳಕಾ ಮಾಡದವಗ ವಿಭೂತಿ ಹಚ್ಚಲ್ಯಾ? ಹೋಗು, ಬಾವ್ಯಾಗಿಂದ ಸೇದಿ ಹೊಯ್ಕೋ.”

ಸಿದ್ರಾಮ ತಣ್ಣೀರು ಸೇದಿ ಹೊಯ್ದುಕೊಂಡ. ಹಲ್ಲು ಕಟಕಟ ಅನ್ನಿಸುತ್ತ ಬಂದು ತಲೆ ಬಾಗಿಸಿ ನಿಂತ. ಶಂಕ್ರೆವ್ವ ಈ ಕಿವಿಯಿಂದ ಆ ಕಿವಿಯವರೆಗೆ ಮೂರು ಪಟ್ಟಿ ಎಳೆದರು. ನಡುವೆ ಹೆಬ್ಬೆರಳು ಒತ್ತಿದಾಗ ಅವನ ತಲೆ ಹಿಂದಕ್ಕೆ ಹೋಯಿತು. ಆ ಗುಂಡುಗಳ ಪಾಡು ಅವನಿಗೆ ಅಂದು ಅರ್ಥವಾಯಿತು.

“ದಿನಾ ಬರಬೇಕು ಮತ್ತ. ಒಂದು ದಿನ ತಪ್ಪಿಸಿದ್ರ ಗಾಡಿಗೇ ಹಚ್ಚತೇನಿ.”

“ಬರ್ತೇನ್ರಿ.”

ಎಡಗಡೆಯ ಗುಂಡನ್ನೂ ಬಿಚ್ಚಿ ಒಳಗಿನಿಂದ ಹೊರಕ್ಕೆ ತಂತಿ ತಳ್ಳಿ ಕೂಡಿಸುವಷ್ಟರಲ್ಲಿ ಬಸಂತರಾಯರು ಅಂಗಳಕ್ಕೆ ಬಂದರು. ಗುಂಡಿ ಎಳೆದು ನೋಡಲಿಲ್ಲ. ಮೂರು ಮುಂಜಾನೆ ನೋಡಿ ಬೇಸತ್ತಿದ್ದರು. “ಹಾದ್ಯಾಗ ತಿಳೀತೇತಿ,” ಎಂದು ಮುಂದಿನ ಸೀಟಿನಲ್ಲಿ ಕುಳಿತರು.

ಇಂಜಿನಿಯರ್ ಸಾಹೇಬರು ಹಿಂದಿನ ಸೀಟಿಗೆ ಬಂದರು. ಕಾಲುವೆಯ ಬಗ್ಗೆ ಎರಡು ಮಾತು ಆಡಿದರು, ರಸ್ತೆಯ ಬಗ್ಗೆ ಒಂದು. ಬಾಗೇವಾಡಿ ದಾಟುವಷ್ಟರಲ್ಲಿ ಕುತ್ತಿಗೆ ಒಂದು ಕಡೆ ವಾಲಿಸಿ ನಿದ್ದೆ ಹೋದರು. ರಾತ್ರಿ ಮಳೆಯಾಗಿತ್ತು. ನಿಡಗುಂದಿಯ ಈಚೆ, ಆಲಮಟ್ಟಿಯಿಂದ ಬರುವ ಕಲ್ಲಿನ ಲಾರಿಯೊಂದು ರಸ್ತೆಯ ಗುಂಡಿಗೆ ಗಾಲಿ ಹಾಕಿ ಅಷ್ಟೂ ರಾಡಿಯನ್ನು ಕಾರಿಗೆ ಒಗೆದು ಹೋಯಿತು. ಮುಂದೆ ಏನೂ ಕಾಣದಾಯಿತು. ಬಸಂತರಾಯರು ಧೋತರದ ಚುಂಗನ್ನು ಮುಷ್ಟಿಯಲ್ಲಿ ಹಿಡಿದರು.

ಸಿದ್ರಾಮ ಬ್ರೇಕಿನ ಮೇಲೆ ಕಾಲಿಟ್ಟು ಗುಂಡಿ ಎಳೆದು ಬಿಟ್ಟ. ಎರಡೂ ಕಡೆಯಿಂದ ನೀರು ಎದ್ದು ಗಾಜಿನ ಮೇಲಿನ ಅರ್ಧಕ್ಕೆ ಬಡಿದು ಇಳಿಯಿತು. ವೈಪರ್ ಒಂದು ಸಲ ಆಚೆ, ಒಂದು ಸಲ ಈಚೆ ಆಡಿತು. ಇನ್ನೊಮ್ಮೆ ಎಳೆದ. ರಸ್ತೆ, ಜಾಲಿ, ದೂರದಲ್ಲಿ ಹೋಗುತ್ತಿದ್ದ ಒಂದು ಬಸ್ಸು, ಎಲ್ಲ ಕಂಡವು. ಹಿಂದೆ ಸಾಹೇಬರು ಗೊರಕೆ ಹೊಡೆಯುತ್ತಿದ್ದರು.

ಬಸಂತರಾಯರು ಧೋತರ ಬಿಟ್ಟರು. ಗಾಜಿನಿಂದ ಕಣ್ಣು ತೆಗೆದು ಮೊದಲ ಸಲ ಡ್ರೈವರನ ಮುಖ ನೋಡಿದರು.

“ಹಣಿಗೆ ಅವ್ವ ಹಚ್ಚಿದ್ಲೇನು?”

“ಹೌದ್ರಿ.”

“ಆಕಿ ಸುಮ್ಮ ಸುಮ್ಮನ ಹಚ್ಚಾಕಿ ಅಲ್ಲ. ಏನ ಮಾಡೀಯೋ?”

ನೀರು ಹಾರಿದ ಮೇಲೆ ಸಿದ್ರಾಮನಿಗೆ ಸುಳ್ಳು ಹೇಳಲು ಅಡ್ಡಿಯೇನೂ ಇರಲಿಲ್ಲ. ಆದರೆ ಹಣೆಯ ಮೇಲೆ ಒಣಗಿ ಬಿಗಿಯುತ್ತಿದ್ದ ವಿಭೂತಿಯಿಂದ ಹುಬ್ಬು ಅಲ್ಲಾಡಿಸುವುದೂ ಕಷ್ಟವಾಗಿತ್ತು. ಅಂಥ ಮುಖದಿಂದ ಸುಳ್ಳು ಹೇಳಿದರೆ ಯಾರೂ ನಂಬುವುದಿಲ್ಲ ಅನಿಸಿತು.

“ಲಚ್ಯಾಣದಿಂದ ಬರೂಮುಂದ ಗಾಡಿ ಹೊಲಕ್ಕ ಇಳದಿತ್ರಿ. ಬಂಡಿ ಬಂತು, ನಾ ಬ್ರೇಕ್ ಹಿಡೀಲಿಲ್ಲ, ತಿರುವಿದೆ. ಅವ್ವಾರಿಗೆ ಏನೂ ಆಗಲಿಲ್ರಿ. ಅವರ ಹೇಳಬ್ಯಾಡ ಅಂದ್ರು. ಅವತ್ತಿನಿಂದ ನೀರಿನ ಗುಂಡುಗಳಿಗೆ ವಿಭೂತಿ ಹಚ್ಚಾಕತ್ತಿದ್ರು. ಅದ ಕಟ್ಟತಿತ್ರಿ. ಇವತ್ತ ನನಗ ಹಚ್ಚರಿ ಅಂದೆ.”

ಬಸಂತರಾಯರು ಬಾಯಿ ತೆರೆಯುವಷ್ಟರಲ್ಲಿ ಸಿದ್ರಾಮ ಮನಸ್ಸಿನಲ್ಲಿ ಕೀಲಿಯನ್ನು ಗೂಟಕ್ಕೆ ಹಾಕಿ, ಬಸ್ಸು ಹತ್ತಿ, ಮೋರಟಗಿಯ ಅಗಸೆ ಬಾಗಿಲಿನವರೆಗೂ ಹೋಗಿ ನಿಂತಿದ್ದ.

“ನಾನೂ ಸೈಕಲ್ಲಿನ ಮ್ಯಾಲಿಂದ ಬಿದ್ದು ಕೈ ಮುರಕೊಂಡಾಗಿಂದ ಹಚ್ಚಸ್ಕೊಳ್ಳಾಕತ್ತೇನಿ,” ಎಂದರು ಬಸಂತರಾಯರು, ತಮ್ಮ ಹಣೆಯನ್ನು ಮುಟ್ಟಿಕೊಂಡು. “ಇನ್ನೂ ಬಿಟ್ಟಿಲ್ಲ ಆಕಿ. ನಿನಗೂ ಬಿಡಸ್ಕೊಂಡು ಹೋಗಾಕ ಆಗೂದಿಲ್ಲ.” ಮತ್ತೆ ರಸ್ತೆಯ ಕಡೆ ತಿರುಗಿದರು. “ಮುದ್ದೇಬಿಹಾಳಕ್ಕ ಹೇಳಿ ಕಳಸ್ತೇನಿ, ಅಪ್ಪಾಸಾಬ ಬರೂದು ಬ್ಯಾಡಂತ. ಆದ್ರ ಒಂದು. ಬಂಡಿ ಎದುರಾದ್ರ ಬ್ರೇಕ್ ಹಿಡಿ. ಹೊಲ ಹುಡಕಬ್ಯಾಡ.”

“ಹೂಂನ್ರಿ.”

“ಹೂಂ. ನಡಿ.”

ಬಿಸಿಲು ಏರಿತ್ತು. ಬೆವರು ಹಣೆಯಿಂದ ಇಳಿದು, ವಿಭೂತಿಯನ್ನು ಕರಗಿಸಿಕೊಂಡು, ಬಲಗಣ್ಣಿನೊಳಗೆ ಹೋಯಿತು. ಕಣ್ಣು ಉರಿಯಿತು. ಸಿದ್ರಾಮ ಒರೆಸಿಕೊಳ್ಳಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು.